ನನ್ನ ಜಡೆಯ ಕಪ್ಪು

ನನ್ನ ಜಡೆಯ ಕಥೆ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಪೊಲೀಸ್ ಬೋರೇಗೌಡರಂತೂ ಹೇಳುವಾಗ ನನ್ನ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟು, ಮೂಗು ಮೇಲೆ ಮಾಡಿ ತೋರಿಸುತ್ತಾರಂತೆ. ಜಡೆ ನನ್ನದು, ಕಳಕೊಂಡವಳು ನಾನು, ಹೇಳಿ ಚಪ್ಪಾಳೆ ಗಿಟ್ಟಿಸುವವರು ಮಾತ್ರ ಊರವರು. ಇದ್ಯಾವ ನ್ಯಾಯ? ಅದಕ್ಕೇ ಈ ಸಲ ನಾನೇ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡಿ.

ನಮ್ಮೂರು ಎಲ್ಲಿದೆ ಎಂದು ಕೇಳಿ ಪ್ರಯೋಜನವಿಲ್ಲ. ಬಸ್ಸಿನ ಬೋರ್ಡಿನಲ್ಲಿ ಅದರ ಹೆಸರಿಲ್ಲ. ಕಂಡಕ್ಟರ್ ಒಂದು ಕಡೆ ಸೀಟಿ ಊದಿ ಇಳಿಯೋರು ಇಳೀರಿ ಎನ್ನುತ್ತಾನೆ, ಇಳಿಯಬೇಕಾದವರು ಇಳಿಯುತ್ತಾರೆ. ನಾನು ಇಲ್ಲಿಯ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ತೆಗೆದುಕೊಳ್ಳುವವಳು, ಹೆಸರು ಮಂದಾಕಿನಿ. ಹಾಲಿಗೆ ನೀರು ಬೆರೆಸಿದ್ದರೆ ನನಗೆ ಮೀಟರು ಬೇಕಾಗಿಲ್ಲ, ಕ್ಯಾನು ಹಿಡಿದು ಬಂದವರ ಮುಖ ಸಾಕು. ನೀರು ಹಾಕಿದವರು ನನ್ನ ಕಣ್ಣು ತಪ್ಪಿಸಿ ಗೋಡೆ ಮೇಲಿನ ಗಡಿಯಾರ ನೋಡುತ್ತಾರೆ. ಮನುಷ್ಯರ ಮನಸ್ಸಿನಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಇಲ್ಲ ಎಂದು ಆಗ ನಂಬಿದ್ದೆ. ಮದುವೆಯಾಗಿರಲಿಲ್ಲ. ಯಾಕೆ ಅಂದರೆ ಆಗಿರಲಿಲ್ಲ, ಅಷ್ಟೇ. ಐವತ್ತು ದಾಟಿದ ಮೇಲೆ ಜನ ಕೇಳುವುದನ್ನೂ ಬಿಟ್ಟರು, ನನಗೂ ನೆಮ್ಮದಿಯಾಯಿತು. ನನಗಿದ್ದ ಜಂಬವೆಂದರೆ ಒಂದೇ, ನನ್ನ ಜಡೆ. ಮೊಣಕಾಲು ಮುಟ್ಟುವ ಜಡೆ, ಹುಡುಕಿದರೂ ಒಂದು ಬಿಳಿ ಎಳೆ ಸಿಗದಂಥ ಕಪ್ಪು. ನಾನು ಡೈರಿಗೆ ನಡೆದು ಹೋಗುವಾಗ ನನ್ನ ವಾರಗೆಯ ಹೆಂಗಸರು ಆ ಜಡೆಯನ್ನು ನೋಡಿ ನಿಟ್ಟುಸಿರು ಬಿಡುವುದು ನನಗೆ ಬೆನ್ನಿಗೇ ಕೇಳಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹಿತವಾಗಿಯೇ ಕೇಳಿಸುತ್ತಿತ್ತು.

ಬಣ್ಣದಂಗಡಿ ನಮ್ಮೂರಲ್ಲಿ ಇಲ್ಲ. ಬಣ್ಣ ಬೇಕಾದವರು ಒದ್ದೆ ಬ್ರಷ್ ಹಿಡಿದು ಪಕ್ಕದ ಮನೆಗೆ ಹೋಗುತ್ತಾರೆ, ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಹೋದ ಹಾಗೆ. ನಿಮ್ಮ ಬಾಗಿಲಿನ ಹಸಿರು ಚೂರು ಬೇಕಿತ್ತು ಎನ್ನುತ್ತಾರೆ. ಮನೆಯವರು ತಗೊಳ್ಳಿ ಎನ್ನುತ್ತಾರೆ. ಬ್ರಷ್ ತಾಗಿಸಿದ ಕಡೆಯಿಂದ ಹಸಿರು ಇಳಿದು ಬರುತ್ತದೆ, ಬಾಗಿಲು ಅಷ್ಟರ ಮಟ್ಟಿಗೆ ಬಿಳಿಚಿಕೊಂಡು ನಿಲ್ಲುತ್ತದೆ. ಚಿತ್ರ ಮುಗಿದ ಮೇಲೆ ಬ್ರಷ್ ತೊಳೆದ ನೀರನ್ನು ತಂದು ಬಾಗಿಲಿಗೆ ಎರಚಿದರೆ ಬಾಗಿಲಿನದು ಬಾಗಿಲಿಗೆ. ಹಾಳೆಯ ಮೇಲೆ ಉಳಿದ ತೊಟ್ಟಿನ ಲೆಕ್ಕ ಯಾರೂ ಇಡುವುದಿಲ್ಲ. ಆದರೆ ತಗೊಳ್ಳಿ ಎನ್ನುವ ಮಾತು ಮನಸ್ಸಿನಿಂದ ಬರಬೇಕು. ಬಾಯಿಮಾತಿಗೆ ಅಂದರೆ ಬಣ್ಣ ಜಗ್ಗುವುದಿಲ್ಲ. ಅರೆಮನಸ್ಸಿನಿಂದ ಅಂದರೆ ನೀರು ಬೆರೆಸಿದ ಹಾಲಿನ ಹಾಗೆ ತೆಳ್ಳಗೆ ಬರುತ್ತದೆ. ಅಕ್ಕಿ ಗಿರಣಿಯ ಸಾಹುಕಾರರ ಮನೆ ಬೀದಿಗೆಲ್ಲ ಗುಲಾಬಿ, ಅವರು ತಗೊಳ್ಳಿ ತಗೊಳ್ಳಿ ಎಂದು ದೊಡ್ಡ ಗಂಟಲಿನಲ್ಲಿ ಹೇಳುತ್ತಲೂ ಇರುತ್ತಾರೆ, ಇವತ್ತಿನವರೆಗೆ ಒಬ್ಬರ ಬ್ರಷ್ಷಿಗೂ ಒಂದು ತೊಟ್ಟು ಗುಲಾಬಿ ಹತ್ತಿಲ್ಲ. ತರಕಾರಿ ಮಾರುವ ಚೌಡಮ್ಮ ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ಸಂಜೆ ಹೊತ್ತಿಗೆ ಬೆಳ್ಳಗಿನ ಮೆಣಸಿನಕಾಯಿ ಮಾರುತ್ತಾ ಕೂತಿರುತ್ತಾಳೆ. ಖಾರಕ್ಕೇನೂ ಕಮ್ಮಿಯಿಲ್ಲ, ನಾವೂ ಕೊಳ್ಳುತ್ತೇವೆ. ಆಕಾಶದ ನೀಲಿ ಮಾತ್ರ ಯಾರಿಗೂ ಸಿಗುವುದಿಲ್ಲ, ತಗೊಳ್ಳಿ ಅನ್ನಲು ಅದಕ್ಕೆ ಯಜಮಾನರಿಲ್ಲವಲ್ಲ. ಹಾಗಾಗಿ ನಮ್ಮೂರಿನ ಚಿತ್ರಗಳಲ್ಲಿ ಆಕಾಶವೆಲ್ಲ ಪಂಪ್‌ಹೌಸಿನ ಬಾಗಿಲಿನ ಬಣ್ಣ.

ನೀರಿನ ಬಣ್ಣದ ಕ್ಲಾಸು ನಡೆಯುವುದು ಸೋಡಾ ಫ್ಯಾಕ್ಟರಿಯ ಮಹಡಿಯಲ್ಲಿ, ಭಾನುವಾರ ಬೆಳಿಗ್ಗೆ. ಕಲಿಸುವವರು ಇನಾಯತ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ರಿಟೈರ್ ಆದವರು, ಗಡ್ಡಕ್ಕೆ ಮೆಹಂದಿ ಹಚ್ಚುತ್ತಾರೆ, ಆ ಕೆಂಪನ್ನು ಯಾರು ಕೇಳಿದರೂ ಕೊಡುತ್ತಾರೆ. ನನ್ನನ್ನು ಅಲ್ಲಿಗೆ ಎಳೆದೊಯ್ದವರು ಪುಟ್ಟತಾಯಮ್ಮ, ಎಂಬತ್ತರ ಮುದುಕಿ, ನಮ್ಮ ಬೀದಿಯವರು. ಅವರು ಬದನೆಕಾಯಿ ಬಿಟ್ಟು ಬೇರೇನೂ ಬರೆಯುವುದಿಲ್ಲ. ಮೇಷ್ಟ್ರು ನದಿ ಬರೆಯಿರಿ ಎಂದರೆ ನದಿಯಲ್ಲಿ ಬದನೆಕಾಯಿ ತೇಲಿಸುತ್ತಾರೆ. ಬೋರೇಗೌಡರು ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬರುತ್ತಿದ್ದರು, ಮಣ್ಣು, ರಸ್ತೆ, ಎತ್ತು, ಒಣಹುಲ್ಲು ಎಲ್ಲದಕ್ಕೂ ಅವರ ಪ್ಯಾಂಟಿನ ಬಣ್ಣವೇ ಗತಿ. ಕ್ಲಾಸು ಮುಗಿಯುವಾಗ ಅವರು ಬಿಳಿ ಪ್ಯಾಂಟಿನ ಪೊಲೀಸರಾಗಿರುತ್ತಿದ್ದರು. ಆಮೇಲೆ ನಾವೆಲ್ಲ ನಮ್ಮ ನಮ್ಮ ಗ್ಲಾಸಿನ ನೀರು ಎರಚಿ ಅವರನ್ನು ಮತ್ತೆ ಇಲಾಖೆಗೆ ಸೇರಿಸುತ್ತಿದ್ದೆವು. ಕೆಳಗೆ ಸೋಡಾ ಬಾಟಲಿ ಢಂ ಎಂದಾಗಲೆಲ್ಲ ಹತ್ತು ಬ್ರಷ್ಷು ಒಟ್ಟಿಗೆ ಜಾರಿ ಹತ್ತು ಹಾಳೆ ಹಾಳಾಗುತ್ತಿತ್ತು, ಅದಕ್ಕೂ ನಗು. ನಾನು ಅಷ್ಟು ನಕ್ಕ ಜಾಗ ಇನ್ನೊಂದಿಲ್ಲ.

ಮೇಷ್ಟ್ರು ಹೇಳಿಕೊಡುತ್ತಿದ್ದದ್ದು ಇಷ್ಟೇ: ನೀರಿಗೆ ಬಿಟ್ಟುಬಿಡಿ, ಬೆನ್ನು ಹತ್ತಬೇಡಿ. ಒದ್ದೆ ಹಾಳೆಯ ಮೇಲೆ ಬಣ್ಣ ಇಟ್ಟು ಕೈ ಎತ್ತಿ ಸುಮ್ಮನೆ ಕೂರಬೇಕು. ಬಿಳಿ ಬೇಕಾದ ಕಡೆ ಹಾಳೆಯನ್ನೇ ಬಿಡಬೇಕು, ಆಮೇಲೆ ತಂದು ಬಳಿಯುತ್ತೇನೆ ಎಂದರೆ ಆಗದು. ಅರ್ಧ ಒಣಗಿದ ಬಣ್ಣಕ್ಕೆ ಮತ್ತೆ ನೀರು ತಾಗಿಸಿದರೆ ಅಲ್ಲಿ ಗುಪ್ಪೆಗುಪ್ಪೆಯಾಗಿ ಕಲೆ ಅರಳುತ್ತದೆ, ಅದಕ್ಕೆ ನಾವು ಹೂಕೋಸು ಎಂದು ಹೆಸರಿಟ್ಟಿದ್ದೆವು. ನನ್ನ ಹಾಳೆಗಳೆಲ್ಲ ಹೂಕೋಸಿನ ತೋಟ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಬಣ್ಣ ತನ್ನ ಪಾಡಿಗೆ ಹರಡುತ್ತಿದ್ದರೆ ಎಲ್ಲಿಗೆ ಹೋಗುತ್ತೀಯ ಎಂದು ಕೇಳದೆ ಇರಲು ನನ್ನಿಂದಾಗುತ್ತಿರಲಿಲ್ಲ. ಮೇಷ್ಟ್ರು ನನ್ನ ಬೆನ್ನ ಹಿಂದೆ ಬಂದು ನಿಂತು, ಅಮ್ಮಾ, ಇದು ಡೈರಿಯಲ್ಲ ಎನ್ನುತ್ತಿದ್ದರು.

ಸುಮ್ಮನೆ ಕೂರುವುದನ್ನು ಹುಟ್ಟಿನಿಂದಲೇ ಕಲಿತು ಬಂದವರು ರುದ್ರಮುನಿ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ತಲೆ ಪೂರ್ತಿ ಬೋಳು, ಆದರೆ ಮೂಗಿನ ಕೆಳಗೆ ಎರಡೂ ಕಡೆ ಕೆನ್ನೆಯವರೆಗೆ ಹರಡಿದ ಬೆಳ್ಳಿ ಮೀಸೆ. ಇಡೀ ದಿನ ಬೀದಿಯಲ್ಲಿ ಗದ್ದಲ ಮಾಡುವ ಕೆಲಸದವರು, ಮಾತು ಮಾತ್ರ ಎಣ್ಣೆ ತೊಟ್ಟಿನ ಹಾಗೆ ಒಂದೊಂದೇ. ಕಾಫಿಗೆ ಹಾಲು ಹಾಕಿಸಿಕೊಳ್ಳುತ್ತಿರಲಿಲ್ಲ. ಹಾಲು ಕುಡಿದರೆ ಊದುವಾಗ ಗಂಟಲು ಕಟ್ಟುತ್ತದಂತೆ. ಡೈರಿಯವಳಾದ ನನ್ನ ಮುಂದೆ ಬೆಲ್ಲದ ಕರಿ ಕಾಫಿ ಹೀರುತ್ತಾ ಕೂರುವ ಗಂಡಸಿನ ಮೇಲೆ ನನಗೆ ಸಿಟ್ಟಿತ್ತು. ಪ್ರತಿ ಭಾನುವಾರ ಅವರ ಪಕ್ಕದ ಮಣೆ ಖಾಲಿಯಿದೆಯೇ ಎಂದು ಮೊದಲು ನೋಡುತ್ತಿದ್ದದ್ದು ಈ ಸಿಟ್ಟಿನಿಂದಲೇ ಎಂದು ನಾನು ತಿಳಿದುಕೊಂಡಿದ್ದೆ.

ಆ ಭಾನುವಾರ ಮೇಷ್ಟ್ರು ಮುಖ ಬರೆಯುವ ಪಾಠ ತೆಗೆದರು. ಎದುರುಬದುರು ಕೂತು ಒಬ್ಬರು ಇನ್ನೊಬ್ಬರ ಮುಖ ಬರೆಯಬೇಕು, ಬಣ್ಣವನ್ನೂ ಅವರಿಂದಲೇ ಕೇಳಿ ಪಡೆಯಬೇಕು. ಬೋರೇಗೌಡರಿಗೆ ಪುಟ್ಟತಾಯಮ್ಮ ಜೊತೆಯಾದರು, ಮುದುಕಿ ಗೌಡರ ಮೂಗು ಬದನೆಕಾಯಿಯಂತೆಯೇ ಇದೆ ಎಂದು ಬಹಳ ಖುಷಿಪಟ್ಟರು. ನನಗೆ ರುದ್ರಮುನಿ. ಅವರು ನನ್ನ ಮುಖವನ್ನು ಎಷ್ಟೋ ಹೊತ್ತು ನೋಡಿದರು. ಅಷ್ಟು ಹೊತ್ತು ಯಾರೂ ನನ್ನನ್ನು ಸುಮ್ಮನೆ ನೋಡಿದ ನೆನಪಿಲ್ಲ. ಎಲ್ಲರೂ ಕ್ಯಾನು ಇಟ್ಟು, ಚೀಟಿ ತಗೊಂಡು ಹೋಗುವವರೇ. ಸೀರೆಯ ಅಂಚಿನಿಂದ, ಕುಂಕುಮದಿಂದ ಚೂರು ಚೂರು ಬಣ್ಣ ಕೇಳಿದರು, ನಾನು ಕೊಟ್ಟೆ. ಕೊನೆಗೆ ಕಿವಿಯ ಪಕ್ಕ ಬಿಟ್ಟುಕೊಂಡಿದ್ದ ಒಂದು ಎಳೆ ಕೂದಲಿಗೆ ಬ್ರಷ್ ತಾಗಿಸಿ, ನೆಲ ನೋಡುತ್ತಾ, ಒಂದು ಗೆರೆಗೆ ಆಗುವಷ್ಟು ಕಪ್ಪು ಬೇಕಾಗಿತ್ತು ಎಂದರು.

"ತಗೊಳ್ಳಿ" ಎಂದೆ.

ಮೊದಲು ಕಿವಿಯ ಪಕ್ಕದ ಎಳೆ ಹೋಯಿತು. ಆಮೇಲೆ ಬೈತಲೆ. ಅವರು ಬ್ರಷ್ ಎತ್ತಿಕೊಂಡು ಗ್ಲಾಸಿನಲ್ಲಿ ಅದ್ದಿದರೂ ಕಪ್ಪು ಬರುವುದು ನಿಲ್ಲಲಿಲ್ಲ, ನಲ್ಲಿ ತಿರುವಿಟ್ಟು ಮರೆತ ಹಾಗೆ ಸುರಿಯಿತು. ಜಡೆಯುದ್ದಕ್ಕೂ ಹೆಣಿಕೆ ಹೆಣಿಕೆಯಾಗಿ ಬಿಳುಪು ಇಳಿದು, ಕುಚ್ಚು ಸೇರಿ ಮೊಣಕಾಲಿನ ಹತ್ತಿರ ನಿಂತಿತು. ಸ್ಟೀಲ್ ಗ್ಲಾಸಿನಲ್ಲಿ ನನ್ನ ಕಪ್ಪು ಅಂಚಿನವರೆಗೆ ತುಂಬಿ ತುಳುಕುತ್ತಿತ್ತು. ಆಮೇಲೆ ಬೋರೇಗೌಡರು ಕೆಮ್ಮಿದರು, ಮೇಷ್ಟ್ರು ಗಡ್ಡದಲ್ಲಿ ಏನನ್ನೋ ಹುಡುಕಿದರು, ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ನನಗೆ ಮೈಯೆಲ್ಲ ಉರಿದು ಹೋಯಿತು. ಒಬ್ಬಳ ಕೂದಲು ಹೋದರೆ ನಗುವ ವಿಷಯವೇ? ಮೇಷ್ಟ್ರು ನನ್ನನ್ನು ಸಮಾಧಾನ ಮಾಡಿದರು, ಎಲ್ಲವೂ ಗ್ಲಾಸಿನಲ್ಲಿ ಭದ್ರವಾಗಿದೆ, ಕಾಫಿ ಕುಡಿದು ತಲೆಯ ಮೇಲೆ ಹೊಯ್ದುಕೊಂಡರಾಯಿತು ಎಂದರು.

ಕಾಫಿ ಬಂತು. ಅದೂ ಸ್ಟೀಲ್ ಗ್ಲಾಸಿನಲ್ಲೇ. ನಾನು ಒಂದು ಕೈಯಲ್ಲಿ ಬಿಳಿ ಜಡೆ ಹಿಡಿದುಕೊಂಡು ಮೇಷ್ಟ್ರ ಮೇಲೆ ಕೂಗಾಡುತ್ತಿದ್ದೆ, ಇನ್ನೊಂದು ಕೈಯಲ್ಲಿ, ಮುಂದೆ ಸಾಲಾಗಿದ್ದ ಗ್ಲಾಸುಗಳಲ್ಲಿ ಕರ್ರಗಿದ್ದದ್ದನ್ನು ನೋಡಿ, ಹಾಲಿಲ್ಲದ್ದು ಇವರದೇ ಎಂದುಕೊಂಡು ರುದ್ರಮುನಿಯವರ ಕಡೆ ಚಾಚಿದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಂದು ಗುಟುಕು ಕುಡಿದು ಸ್ವಲ್ಪ ತಡೆದರು. ನನ್ನ ಮುಖ ನೋಡಿದರು. ಆಮೇಲೆ ತಲೆ ಎತ್ತಿ, ಊದುವವರ ಉಸಿರು ನೋಡಿ, ಗಟಗಟನೆ ತಳದವರೆಗೆ ಕುಡಿದು ಗ್ಲಾಸು ಕೆಳಗಿಟ್ಟು, ಬೆಲ್ಲ ಸ್ವಲ್ಪ ಕಮ್ಮಿ ಎಂದರು.

ಅಷ್ಟರಲ್ಲಿ ಅವರ ಮೀಸೆಯ ಎಡತುದಿ ಕಪ್ಪಾಗತೊಡಗಿತ್ತು. ಮೊಣಕಾಲುದ್ದದ ಜಡೆಯ ಕಪ್ಪೆಲ್ಲ ಒಂದು ಮೀಸೆಗೆ ಇಳಿದರೆ ಹೇಗಿರಬೇಡ. ಅದರ ಪಕ್ಕದಲ್ಲಿ ಇದ್ದಿಲು ಇಟ್ಟರೆ ಇದ್ದಿಲೇ ಬೆಳ್ಳಗೆ ಕಾಣಬೇಕು, ಅಂಥ ಕಪ್ಪು. ಮಿಕ್ಕದ್ದು ಹುಬ್ಬಿಗೆ ಏರಿತು, ಅದೂ ಸಾಲದೆ ಕಿವಿಯೊಳಗಿನ ಕೂದಲಿಗೂ ಹೋಯಿತು. ಐವತ್ತಾರರ ಮನುಷ್ಯ ಎಲ್ಲರ ಕಣ್ಣೆದುರು ನಲವತ್ತಕ್ಕೆ ಇಳಿದು, ಕಕ್ಕಾಬಿಕ್ಕಿಯಾಗಿ ಕಣ್ಣು ಪಿಳಿಪಿಳಿ ಮಾಡುತ್ತಿದ್ದರು. ಕುಡಿದದ್ದು ಕಾಫಿಯಲ್ಲ ಎಂದು ಬೇರೆಯವರಿಗೆ ತಿಳಿದದ್ದು ಆಗ. ಬೋರೇಗೌಡರು ನಗು ತಡೆಯಲಾರದೆ ಮೆಟ್ಟಿಲಿಳಿದು ಸೋಡಾ ಫ್ಯಾಕ್ಟರಿಯೊಳಗೆ ಹೋಗಿ ನಕ್ಕರು, ಅದು ಮೇಲಕ್ಕೂ ಕೇಳಿಸಿತು.

ಮೇಷ್ಟ್ರು ಕಾನೂನು ಹೇಳಿದರು. ಕಪ್ಪು ಈಗ ರುದ್ರಮುನಿಯವರದು. ನಾನು ಮೀಸೆಗೆ ಒದ್ದೆ ಬ್ರಷ್ ತಾಗಿಸಿ ಕೇಳಬೇಕು, ಅವರು ತಗೊಳ್ಳಿ ಎನ್ನಬೇಕು, ವಾಪಸ್ ಬರುತ್ತದೆ. ನಾನು ಬ್ರಷ್ ಹಿಡಿದು ಕೇಳಿದೆ. ಅವರು ತಗೊಳ್ಳಿ ಎಂದರು. ಏನೂ ಬರಲಿಲ್ಲ. ಬ್ರಷ್ ಬದಲಾಯಿಸಿ ಕೇಳಿದೆ. ತಗೊಳ್ಳಿ ಎಂದರು. ಬ್ರಷ್ಷಿಗೆ ಬಂದದ್ದು ದಿನಾ ಕುಡಿಯುವ ಕರಿ ಕಾಫಿಯ ಬೆಲ್ಲದ ವಾಸನೆ ಮಾತ್ರ. ಕ್ಲಾಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಲ್ಲಿ ಕೊಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳುವವರನ್ನು ನಮ್ಮೂರಿನಲ್ಲಿ ಗಿರಣಿ ಸಾಹುಕಾರರ ಪೈಕಿ ಎನ್ನುತ್ತಾರೆ. ಅಂಥವರಲ್ಲಿ ಇವರೂ ಒಬ್ಬರೆಂದು ನನಗೆ ಅಲ್ಲೇ ತೀರ್ಮಾನವಾಯಿತು. ಮೀಸೆ ಕಪ್ಪಾದದ್ದೇ ತಡ, ಹರೆಯದ ಆಸೆ ಹತ್ತಿದೆ. ನಾನು ಬಿಳಿ ಜಡೆಯನ್ನು ತುರುಬು ಕಟ್ಟಿ, ಯಾರಿಗೂ ಹೇಳದೆ ಮನೆಗೆ ಬಂದೆ.

ಆ ವಾರ ಡೈರಿಯಲ್ಲಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಹಾಲು ತಂದ ಹೆಂಗಸರು ನನ್ನ ತಲೆ ನೋಡುತ್ತಾರೆ, ಕ್ಯಾನಿನ ಮುಚ್ಚಳದ ಹಿಂದೆ ಮುಖ ಮರೆಮಾಡಿಕೊಂಡು ಕಿಸಿಕಿಸಿ ನಗುತ್ತಾರೆ. ಯಾವತ್ತೂ ನನ್ನ ಜೊತೆ ತೂಕದ ಜಗಳವಲ್ಲದೆ ಬೇರೆ ಮಾತಾಡದ ಚೌಡಮ್ಮ ಒಂದು ದಂಡೆ ಕನಕಾಂಬರ ತಂದು, ಬಿಳೀ ಕೂದಲಿಗೆ ಮಲ್ಲಿಗೆ ಕಾಣಲ್ಲ, ಇದನ್ನು ಮುಡ್ಕೊಳಿ ಎಂದು ಕೊಟ್ಟು ಹೋದಳು. ಪೋಸ್ಟ್ ಆಫೀಸಿನವರು ಕೈ ಮುಗಿದರು. ಕುಂಟಾಬಿಲ್ಲೆ ಆಡುವ ಹುಡುಗಿಯರು ನನ್ನನ್ನು ಕಂಡು ಕ್ಲಾರಿನೆಟ್ ಊದಿದ ಹಾಗೆ ಪೀಪೀ ಎಂದು ಓಡಿದರು. ಮುದುಕಿಯಾದೆ ಎಂದು ಎಲ್ಲರೂ ಹಂಗಿಸುತ್ತಿದ್ದಾರೆ ಎಂದು ನನಗೆ ಅಳುವೇ ಬಂತು, ಹಾಲಿನ ಕೋಣೆಗೆ ಹೋಗಿ ಅತ್ತೂ ಬಂದೆ. ಆ ಜಡೆಯೊಂದೇ ನನಗೆ ಅಂತ ಇದ್ದದ್ದು. ಅದು ಬೇಕು, ಹೇಗಾದರೂ ಬೇಕು, ಮುಂದಿನ ಭಾನುವಾರ ವಸೂಲು ಮಾಡಿಯೇ ತೀರಬೇಕು.

ಅದರ ಮೇಲೆ ಇನ್ನೊಂದು ಸುದ್ದಿ ಬಂತು. ಬ್ಯಾಂಡಿನ ಡೋಲಿನವನು ಹಾಲು ಹಾಕಲು ಬಂದವನು ಹೇಳಿದ. ನದಿಯಾಚೆಯ ಊರಿನ ಮದುವೆಯಲ್ಲಿ ರುದ್ರಮುನಿಯವರ ಹೊಸ ಮೀಸೆ ಕಂಡು, ಹೆಣ್ಣಿನ ಕಡೆಯವರೊಬ್ಬರು ತಮ್ಮ ಮನೆಯಲ್ಲೇ ಒಬ್ಬಾಕೆ ಇದ್ದಾರೆ, ಭಾನುವಾರ ಮಧ್ಯಾಹ್ನ ಬಂದು ಮಾತಾಡುತ್ತೇವೆ ಎಂದರಂತೆ. ಅವರು ಏನೂ ಅನ್ನಲಿಲ್ಲವಂತೆ, ಎಂದಿನಂತೆ ಸುಮ್ಮನಿದ್ದರಂತೆ. ನನ್ನ ಕಪ್ಪಿನಿಂದ ಹೆಣ್ಣು ನೋಡುವುದಾ? ಆ ಬೆಳಿಗ್ಗೆ ಮೂರು ಮನೆಯ ಗಟ್ಟಿ ಹಾಲನ್ನು ನೀರು ಎಂದು ವಾಪಸ್ ಕಳಿಸಿದೆ. ಜಡೆ ಹೋದದ್ದಕ್ಕೆ ಬಂದ ಸಿಟ್ಟಿಗಿಂತ ಈ ಸಿಟ್ಟು ದೊಡ್ಡದಿತ್ತು, ಯಾಕೆ ದೊಡ್ಡದು ಎಂದು ನೋಡುವಷ್ಟು ಪುರಸೊತ್ತು ನನಗಿರಲಿಲ್ಲ.

ಭಾನುವಾರ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ರಷ್ ಹಿಡಿಯಲು ಬಾರದವರೆಲ್ಲ ಚಿತ್ರ ಕಲಿಯಲು ಬಂದಿದ್ದರು. ಕೆಳಗೆ ಸೋಡಾ ತುಂಬುವವರು ಮೆಷಿನ್ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತಿದ್ದರು. ರುದ್ರಮುನಿ ನಡುವೆ ಒಂದು ಸ್ಟೂಲಿನ ಮೇಲೆ, ಕ್ಲಾರಿನೆಟ್ ತೊಡೆಯ ಮೇಲಿಟ್ಟುಕೊಂಡು, ಆ ಭಯಂಕರ ಮೀಸೆಯ ಹಿಂದೆ ಅಡಗಿಕೊಂಡವರ ಹಾಗೆ ಕೂತಿದ್ದರು. ಮೇಷ್ಟ್ರು ಉಪಾಯಗಳನ್ನು ಶುರುಮಾಡಿದರು. ಮೊದಲು ಹೊಟ್ಟೆ ತುಂಬಿದ್ದರೆ ಮನಸ್ಸು ಧಾರಾಳವಾಗುತ್ತದೆ ಎಂದು ಕೇಸರಿಬಾತ್ ತಿನ್ನಿಸಿದರು. ಅವರು ತಿಂದು ತಗೊಳ್ಳಿ ಎಂದರು, ಬರಲಿಲ್ಲ. ಕಣ್ಣು ಮುಚ್ಚಿಸಿ ಹೇಳಿಸಿದರು. ನಿಲ್ಲಿಸಿ ಹೇಳಿಸಿದರು. ಬೋರೇಗೌಡರು ಟೋಪಿ ಹಾಕಿಕೊಂಡು ಬಂದು ಸರ್ಕಾರಿ ದನಿಯಲ್ಲಿ ಗದರಿಸಿ ಹೇಳಿಸಿದರು, ಮಧ್ಯದಲ್ಲೇ ತಾವೇ ನಕ್ಕು ಟೋಪಿ ತೆಗೆದರು. ಯಾರೋ ಕ್ಲಾರಿನೆಟ್ಟಿನಲ್ಲಿ ಊದಿಸಿ ನೋಡಿ ಎಂದರು. ಅವರು ತ-ಗೊ-ಳ್ಳಿ ಎಂದು ಮೂರು ಸ್ವರದಲ್ಲಿ ಊದಿದರು. ಎಷ್ಟು ಚೆನ್ನಾಗಿ ಊದಿದರೆಂದರೆ ಮೆಟ್ಟಿಲಿನವರು ಇನ್ನೊಮ್ಮೆ ಎಂದು ಕೂಗಿದರು. ಮೀಸೆ ಒಂದು ಕೂದಲಿನಷ್ಟೂ ಬಿಳಿಯಾಗಲಿಲ್ಲ.

ನನ್ನ ಸಹನೆ ಮುಗಿಯಿತು. ಸೊಂಟಕ್ಕೆ ಕೈ ಕೊಟ್ಟದ್ದು ಆಗಲೇ, ಬೋರೇಗೌಡರು ತೋರಿಸುವುದು ಅಷ್ಟೇನೂ ತಪ್ಪಲ್ಲ. ಇಡೀ ಸಭೆಯ ಮುಂದೆ ಅವರಿಗೆ ಹೇಳಿದೆ. ಕೇಳಿದ್ದು ಒಂದು ಗೆರೆಗೆ, ನುಂಗಿದ್ದು ಇಡೀ ಜಡೆ. ಇನ್ನೊಬ್ಬರ ಕಪ್ಪು ಹಚ್ಚಿಕೊಂಡು ಮದುಮಗನಾಗಲು ಹೊರಟಿದ್ದೀರಿ. ಗಿರಣಿ ಸಾಹುಕಾರರಾದರೂ ಪರವಾಗಿಲ್ಲ, ಅವರು ತಮ್ಮ ಮನೆಯ ಗುಲಾಬಿಯನ್ನು ತಾವು ಇಟ್ಟುಕೊಂಡವರು. ನೀವು ಇಷ್ಟು ಸಣ್ಣ ಮನಸ್ಸಿನವರು ಎಂದು ನನಗೆ ಗೊತ್ತಿರಲಿಲ್ಲ. ಇಷ್ಟನ್ನು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಹಾಲು ಕುಡಿದಿರಲಿಲ್ಲ.

ರುದ್ರಮುನಿ ಎದ್ದು ನಿಂತರು. ಕ್ಲಾರಿನೆಟ್ಟನ್ನು ಮೇಷ್ಟ್ರ ಕೈಗೆ ಕೊಟ್ಟರು. ಒಂದೊಂದೇ ತೊಟ್ಟು ಮಾತಾಡುವವರು ಅವತ್ತು ಒಂದೇ ಉಸಿರಿಗೆ ಇಷ್ಟು ಹೇಳಿದರು.

"ಮೀಸೆ ಆಸೆಗಲ್ಲ ಮಂದಾಕಿನಮ್ಮನೋರೇ. ಮೊದಲನೇ ಗುಟುಕಿಗೇ ಗೊತ್ತಾಯ್ತು, ಕಾಫಿಯಲ್ಲ ಅಂತ. ನೀವು ಕೊಟ್ಟಿದ್ದು ಅಲ್ವಾ ಅಂತ ಕುಡಿದೆ. ಈಗ ವಾಪಸ್ ಕೊಡ್ಬೇಕು ಅಂತ ದಿನಾ ಕನ್ನಡಿ ಮುಂದೆ ನಿಂತು ಹೇಳ್ಕೊಂಡು ನೋಡ್ತೀನಿ, ಬಾಯಿ ಹೇಳುತ್ತೆ, ಮನಸ್ಸು ಬಿಡಲ್ಲ. ಇದನ್ನೂ ಕೊಟ್ಬಿಟ್ರೆ ನಿಮ್ಮದು ಅಂತ ನನ್ನ ಹತ್ರ ಏನೂ ಉಳಿಯಲ್ಲ."

ಮೆಟ್ಟಿಲ ಮೇಲೆ ಯಾರೋ ಒಂದು ಸೋಡಾ ಬಾಟಲಿ ಕೆಳಗೆ ಬಿಟ್ಟರು. ಬೇರೆ ದಿನವಾಗಿದ್ದರೆ ಎಲ್ಲರೂ ಬೆಚ್ಚಿಬೀಳುತ್ತಿದ್ದರು, ಅವತ್ತು ಯಾರೂ ತಿರುಗಿಯೂ ನೋಡಲಿಲ್ಲ. ನನ್ನ ಮುಖ ಬಿಸಿಯಾಯಿತು. ಹಾಗಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ, ಇನ್ನೊಬ್ಬರ ವಸ್ತು ಇಟ್ಟುಕೊಂಡು ಕೂರುವುದು ಯಾವ ಸೀಮೆಯ ಮರ್ಯಾದೆ ಎಂದು ಮತ್ತೆ ಜಗಳಕ್ಕೇ ಇಳಿದೆ. ಜಗಳ ನನಗೆ ಚೆನ್ನಾಗಿ ಬರುತ್ತದೆ. ಆಗ ಪುಟ್ಟತಾಯಮ್ಮ ತಮ್ಮ ಬದನೆಕಾಯಿಯಿಂದ ತಲೆ ಎತ್ತಿದರು.

"ಅವನು ಕೊಡ್ಲಿಲ್ಲ, ಸರಿ ಕಣವ್ವ. ನಿನ್ನದು ಹೇಳು. ಅವನು ಕೇಳಿದ್ದು ಒಂದು ಗೆರೆಗೆ ಆಗೋವಷ್ಟು. ನೀನು ಬುಡದಿಂದ ಕುಚ್ಚಿನ ತನಕ ಕೊಟ್ಟೆಯಲ್ಲ, ಅದು ಹೆಂಗೆ?"

ನಾನು ಸುತ್ತ ನೋಡಿದೆ. ಒಬ್ಬರಾದರೂ ಆಶ್ಚರ್ಯಪಟ್ಟಿದ್ದರೆ ಕೇಳಿ. ಬೋರೇಗೌಡರು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಚೌಡಮ್ಮ ಬಾಗಿಲಲ್ಲಿ ನಿಂತು ನನಗೆ ಕಣ್ಣು ಹೊಡೆದಳು. ಕನಕಾಂಬರ, ಪೋಸ್ಟ್ ಆಫೀಸಿನ ನಮಸ್ಕಾರ, ಪೀಪೀ ಎಂದ ಹುಡುಗಿಯರು, ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು. ನಾನು ಮುದುಕಿಯಾದೆ ಎಂದು ಅವರು ನಕ್ಕದ್ದಲ್ಲ. ಮನಸ್ಸಿದ್ದಷ್ಟೇ ಬಣ್ಣ ಬರುವ ಊರಿನಲ್ಲಿ ಮೊಣಕಾಲುದ್ದದ ಜಡೆ ಪೂರ್ತಿ ಬೆಳ್ಳಗಾದರೆ ಅದರ ಅರ್ಥ ಕುಂಟಾಬಿಲ್ಲೆ ಆಡುವ ಹುಡುಗಿಗೂ ಗೊತ್ತಾಗುತ್ತದೆ. ಎಲ್ಲರ ಮುಖ ನೋಡಿ ಎಲ್ಲರ ನೀರು ಪತ್ತೆ ಮಾಡುವ ನಾನು ಒಂದು ವಾರವಿಡೀ ನನ್ನ ಮನಸ್ಸನ್ನು ತುರುಬು ಕಟ್ಟಿ ಹೊತ್ತುಕೊಂಡು ಊರು ಸುತ್ತಿದ್ದೆ, ನನಗೊಬ್ಬಳಿಗೇ ಕಾಣಿಸಿರಲಿಲ್ಲ.

ಓಡಿಹೋಗೋಣ ಎನಿಸಿತು. ಮೆಟ್ಟಿಲ ಮೇಲೆ ಸೋಡಾದವರು ತುಂಬಿದ್ದರು, ದಾರಿಯಿರಲಿಲ್ಲ. ಐವತ್ತೆರಡು ವರ್ಷದವಳು, ಡೈರಿಯ ಮಂದಾಕಿನಿ, ನಾಳೆ ಬೆಳಿಗ್ಗೆ ಇವರೆಲ್ಲರ ಹಾಲು ಅಳೆಯಬೇಕಾದವಳು. ಇಲ್ಲ ಎಂದರೆ ಇವರು ನಂಬುವುದಿಲ್ಲ, ಹೌದು ಎಂದರೆ ಇವರ ಬಾಯಿ ಮುಚ್ಚಿಸಲಾಗುವುದಿಲ್ಲ. ರುದ್ರಮುನಿಯವರನ್ನು ನೋಡಿದೆ. ಅವರೊಬ್ಬರೇ ನಗುತ್ತಿರಲಿಲ್ಲ. ಪುಟ್ಟತಾಯಮ್ಮನ ಮಾತು ಅವರಿಗೂ ಆಗಷ್ಟೇ ಅರ್ಥವಾಗುತ್ತಿತ್ತೆಂದು ಕಾಣುತ್ತದೆ, ಆ ಕಪ್ಪು ಹುಬ್ಬು ಎರಡೂ ನಿಧಾನಕ್ಕೆ ಬೋಳುತಲೆಯ ಕಡೆ ಏರುತ್ತಿದ್ದವು. ನನಗೆ ಒಳಗಿನಿಂದ ನಗು ಉಕ್ಕಿತು. ತಡೆಯಲು ಹೋಗಲಿಲ್ಲ.

"ಕಪ್ಪು ನಿಮ್ಮ ಹತ್ರಾನೇ ಇರ್ಲಿ" ಎಂದೆ. "ನದಿ ಆಚೆಯೋರಿಗೆ ಮಾತ್ರ ಮಧ್ಯಾಹ್ನ ಬರಬೇಡಿ ಅಂತ ಹೇಳಿಕಳಿಸಿ."

ಆಮೇಲೆ ನಡೆದದ್ದನ್ನು ಊರವರು ಉಪ್ಪುಖಾರ ಹಚ್ಚಿ ಹೇಳುತ್ತಾರೆ, ಹಚ್ಚುವ ಅಗತ್ಯವೇ ಇಲ್ಲ. ರುದ್ರಮುನಿ ನನ್ನ ಕೈಯಲ್ಲಿದ್ದ ಒದ್ದೆ ಬ್ರಷ್ಷನ್ನು ಹಿಡಿದು ತಾವೇ ಮೀಸೆಗೆ ತಾಗಿಸಿಕೊಂಡು, ಈಗ ತಗೊಳ್ಳಿ ಎಂದರು. ಎಂದರೋ ಇಲ್ಲವೋ, ಕಪ್ಪು ಹೊರಟಿತು. ಬ್ರಷ್ಷಿನಿಂದ ನನ್ನ ಕೈಗೆ, ಕೈಯಿಂದ ಹೆಗಲಿಗೆ, ಹೆಗಲಿಂದ ಜಡೆಗೆ ಭರ್ರನೆ ಇಳಿಯಿತು. ಅವರ ಮೀಸೆ ಬೆಳ್ಳಗೆ ಬೆಳಗಿತು. ಆ ಬೆಳ್ಳಿ ಮೀಸೆ ನನಗೆ ಎಷ್ಟು ಬೇಕಾಗಿತ್ತೆಂದು ಆಗಲೇ ತಿಳಿದದ್ದು, ಆದರೂ ಅವರ ಮುಖ ಬರಿದಾಗಿ ಕಂಡು ಪಾಪ ಎನಿಸಿ, ನನಗ್ಯಾಕೆ, ನೀವೇ ತಗೊಳ್ಳಿ ಎಂದೆ. ಜಡೆ ಮತ್ತೆ ಬಿಳಿ, ಮೀಸೆ ಮತ್ತೆ ಕಪ್ಪು. ಅಯ್ಯೋ ಬೇಡ, ನಿಮಗೇ ಚೆನ್ನ, ತಗೊಳ್ಳಿ ಎಂದರು ಅವರು. ಇಲ್ಲ, ನೀವು ತಗೊಳ್ಳಿ. ಉಂಡುಹೋಗಿ ಎಂದು ಬಾಗಿಲಲ್ಲಿ ನಿಂತು ಒತ್ತಾಯ ಮಾಡುವವರ ಹಾಗೆ ನಾವಿಬ್ಬರೂ ತಗೊಳ್ಳಿ ತಗೊಳ್ಳಿ ಎನ್ನುತ್ತಿದ್ದೆವು, ಕಪ್ಪು ಇತ್ತಿಂದತ್ತ ಅತ್ತಿಂದಿತ್ತ ಓಡುತ್ತಿತ್ತು. ಮೆಟ್ಟಿಲಿನವರು ಒಂದೊಂದು ಸಲಕ್ಕೂ ಚಪ್ಪಾಳೆ ತಟ್ಟಿದರು. ಬೋರೇಗೌಡರು ಯಾವುದು ಯಾರ ಬಣ್ಣವೆಂದು ನೋಡದೆ ಸಿಕ್ಕ ಗ್ಲಾಸುಗಳನ್ನೆಲ್ಲ ನಮ್ಮ ಮೇಲೆ ಎರಚಿದರು. ಮೇಷ್ಟ್ರ ಗಡ್ಡದ ಮೆಹಂದಿ ನನ್ನ ಮೂಗಿಗೆ ಬಂತು, ಬದನೆಕಾಯಿಯ ನೇರಳೆ ರುದ್ರಮುನಿಯವರ ಬೋಳುತಲೆಗೆ ಹತ್ತಿತು. ಪುಟ್ಟತಾಯಮ್ಮ ತಮ್ಮ ಬದನೆಕಾಯಿ ಈಗ ಸರಿಯಾಗಿ ಬಂತು ಎಂದು ಆ ತಲೆಯನ್ನೇ ತೋರಿಸಿದರು. ಅವತ್ತು ಯಾರೂ ಚಿತ್ರ ಬರೆಯಲಿಲ್ಲ. ನದಿಯಾಚೆಯವರಿಗೆ ಹೇಳಿಕಳಿಸುವುದನ್ನೂ ಮರೆತೆವು. ಅವರು ಬಂದರು, ನಮ್ಮಿಬ್ಬರ ಅವತಾರ ನೋಡಿದರು, ಕೇಸರಿಬಾತ್ ತಿಂದು ಹರಸಿ ಹೋದರು.

ನಮ್ಮ ಮದುವೆಯ ದಿನ ಬ್ಯಾಂಡಿಗೆ ಕ್ಲಾರಿನೆಟ್ ಊದುವವರು ಇರಲಿಲ್ಲ, ಧಾರೆ ಮುಗಿದ ಮೇಲೆ ಮದುಮಗನೇ ಹೋಗಿ ಊದಿದರು. ಈಗ ಭಾನುವಾರ ಇಬ್ಬರೂ ಒಟ್ಟಿಗೇ ಕ್ಲಾಸಿಗೆ ಹೋಗುತ್ತೇವೆ. ನನ್ನ ಹೂಕೋಸು ಕಮ್ಮಿಯಾಗಿಲ್ಲ. ಮನೆಯಲ್ಲಿ ಕಾಫಿಗೆ ಹಾಲು ಹಾಕುವ ವಿಷಯಕ್ಕೆ ದಿನಾ ಜಗಳ, ಜಗಳ ಮುಗಿಸಲು ಇಬ್ಬರಲ್ಲಿ ಯಾರಾದರೊಬ್ಬರು ಆಯ್ತು, ತಗೊಳ್ಳಿ ಎನ್ನಲೇಬೇಕು, ಎಂದವರು ಬೆಳ್ಳಗಾಗುತ್ತಾರೆ. ಬೆಳಿಗ್ಗೆ ಡೈರಿಯ ಬಾಗಿಲು ತೆಗೆದಾಗ ಸಾಲಿನಲ್ಲಿ ನಿಂತವರು ಮೊದಲು ನನ್ನ ಜಡೆ ನೋಡುತ್ತಾರೆ. ಕಪ್ಪಗಿದ್ದರೆ ನಿನ್ನೆ ಪಾಪ ಅವರು ಸೋತರು ಎಂದು ಮಾತಾಡಿಕೊಳ್ಳುತ್ತಾರೆ. ಬೆಳ್ಳಗಿದ್ದರೆ ಏನೂ ಮಾತಾಡದೆ ಕ್ಯಾನು ಮುಂದಿಡುತ್ತಾರೆ. ಇವತ್ತು ಬೆಳ್ಳಗಿದೆ. ನಾನು ಅದನ್ನು ತುರುಬು ಕಟ್ಟದೆ, ಎಲ್ಲರಿಗೂ ಕಾಣುವ ಹಾಗೆ ಮೊಣಕಾಲಿನವರೆಗೆ ಇಳಿಬಿಟ್ಟುಕೊಂಡು ಹಾಲು ಅಳೆಯುತ್ತಿದ್ದೇನೆ.